ಕಿವಿ ಮೇಸ್ತ್ರಿಯ ಕೊನೆಯ ಸಬ್‌ಫ್ರೇಮ್

ತಪಾಸಣೆಯವರು ಕೊಟ್ಟ ಚೀಟಿಯಲ್ಲಿ ಇದ್ದದ್ದು ಒಂದೇ ಸಾಲು. ಆ ಒಂದು ಸಾಲಿಗೇ ಅಣ್ಣ ಎರಡು ದಿನ ಊಟ ಬಿಟ್ಟ. ಅಣ್ಣನ ಕಾರಿನ ಮುಂಭಾಗದ ಸಬ್‌ಫ್ರೇಮ್ ತುಕ್ಕು ತಿಂದಿದೆ, ಮೂವತ್ತು ದಿನದೊಳಗೆ ಬದಲಿಸಿ ತಂದು ತೋರಿಸದಿದ್ದರೆ ಗಾಡಿಯ ನೋಂದಣಿ ರದ್ದು. ರದ್ದಾದ ಮೇಲೆ ನೆನಪಿಗಾದರೂ ಮನೆಯಲ್ಲಿ ಇಟ್ಟುಕೊಳ್ಳುತ್ತೇವೆ ಅಂದರೆ ಅದಕ್ಕೂ ಅವಕಾಶವಿಲ್ಲ. ಹೊಸ ಕಾನೂನು ಬಂದಿತ್ತು. ಇಂತಿಷ್ಟು ವರ್ಷ ದಾಟಿದ ಗಾಡಿ ಓಡಲಿಲ್ಲವೆಂದರೆ ಗುಜರಿಗೆ ಹೋಗಲೇಬೇಕು. ಅದನ್ನು ಬರೆದವರಿಗೆ ಹಳೇ ಗಾಡಿಗಳ ಮೇಲೆ ಯಾವ ಜನ್ಮದ ಸಿಟ್ಟಿತ್ತೋ.

ತಂಗಿಗೆ ಆ ಕಾರಿನ ಮೇಲೆ ಅಂಥ ಮೋಹವೇನೂ ಇರಲಿಲ್ಲ. ಎರಡು ಬಾಗಿಲು, ಎರಡು ಸೀಟು, ಉದ್ದ ಮೂತಿ, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಮಲಗಿದಂಥ ಮೈ. ಹತ್ತಿ ಕೂರಬೇಕಾದರೆ ಮೊದಲು ಸೊಂಟವನ್ನು ಒಳಗೆ ಎಸೆದು ಆಮೇಲೆ ಕಾಲುಗಳನ್ನು ಒಂದೊಂದಾಗಿ ಎಳೆದುಕೊಳ್ಳಬೇಕು. ಮುಂದಿನ ದೀಪಗಳು ಬಾನೆಟ್ಟಿನೊಳಗಿಂದ ಎದ್ದು ಬರುವ ಜಾತಿಯವು. ಗುಂಡಿ ಒತ್ತಿದರೆ ಒಂದು ಎದ್ದುಬಿಡುತ್ತಿತ್ತು, ಇನ್ನೊಂದು ಏಳಲೋ ಬೇಡವೋ ಎಂದು ಯೋಚಿಸುತ್ತಿತ್ತು. ಮೂವತ್ತನಾಲ್ಕು ವರ್ಷದ ಸ್ಪೋರ್ಟ್ಸ್ ಕಾರಿಗೆ ಸ್ಪೋರ್ಟ್ಸ್ ಎಂಬ ಮಾತು ಹೆಸರಿಗಷ್ಟೇ ಉಳಿದಿತ್ತು.

ಅವಳಿಗೆ ಬೇಕಾಗಿದ್ದದ್ದು ಅಣ್ಣ. ಹೋದ ವರ್ಷ ಅವನು ಗ್ಯಾರೇಜು ಮುಚ್ಚಿದ ಮೇಲೆ ಈ ಕಾರೊಂದೇ ಅವನನ್ನು ಬೆಳಿಗ್ಗೆ ಹಾಸಿಗೆಯಿಂದ ಎಬ್ಬಿಸುತ್ತಿದ್ದದ್ದು. ಅತ್ತಿಗೆ ತೀರಿಕೊಂಡಾಗ ಅವನು ಮೂರು ತಿಂಗಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಆಗ ಕೆಲಸವಿತ್ತು, ಗಿರಾಕಿಗಳಿದ್ದರು, ಬಾಗಿಲಿಗೆ ಬಂದು ಹಾರ್ನ್ ಬಾರಿಸಿ ಬಾರಿಸಿ ಎಬ್ಬಿಸಿದ್ದರು. ಈ ಸಲ ಮಲಗಿದರೆ ಏಳುವುದಿಲ್ಲ. ಕಾರು ಉಳಿದರೆ ಅಣ್ಣ ಉಳಿಯುತ್ತಾನೆ. ಅವಳಿಗೆ ವಿಷಯ ಅಷ್ಟು ಸರಳವಾಗಿತ್ತು.

ಅಪ್ಪ ಬಿಟ್ಟುಹೋದ ಶೆಡ್ಡು ಅದು. ಅರ್ಧ ಅಣ್ಣನ ಗ್ಯಾರೇಜು, ಇನ್ನರ್ಧದಲ್ಲಿ ತಂಗಿ ಕಾರಿನ ಸೀಟು ಹೊಲಿಯುತ್ತಿದ್ದಳು. ನಡುವೆ ಗೋಡೆಯಿಲ್ಲ. ನಲವತ್ತು ವರ್ಷ ಅವನ ಗ್ರೀಸು ಅವಳ ಬಟ್ಟೆಗೆ, ಅವಳ ಸ್ಪಂಜಿನ ಚೂರು ಅವನ ಕಾರ್ಬುರೇಟರಿಗೆ ಹಾರುತ್ತಾ, ದಿನಕ್ಕೊಂದು ಜಗಳ ಆಗುತ್ತಾ ಬಂದಿತ್ತು. ಅವನನ್ನು ಎಲ್ಲರೂ ಕಿವಿ ಮೇಸ್ತ್ರಿ ಎನ್ನುತ್ತಿದ್ದರು. ಉದ್ದನೆಯ ಸ್ಕ್ರೂಡ್ರೈವರ್‌ನ ತುದಿ ಇಂಜಿನ್ನಿಗೆ, ಹಿಡಿ ಕಿವಿಗೆ; ಕಣ್ಣು ಮುಚ್ಚಿ ಎರಡು ನಿಮಿಷ ಕೇಳಿ, ಮೂರನೇ ಬೇರಿಂಗು ಅನ್ನುತ್ತಿದ್ದ. ಬಿಚ್ಚಿದರೆ ಮೂರನೆಯದೇ. ತುಕ್ಕನ್ನೂ ಹಾಗೇ ಕಂಡುಹಿಡಿಯುತ್ತಿದ್ದ. ಬೇರೆಯವರು ಚೂಪು ಸರಳಿನಿಂದ ಕಬ್ಬಿಣವನ್ನು ಚುಚ್ಚಿ ನೋಡಿದರೆ, ಇವನು ಒಂದು ಸಣ್ಣ ಸುತ್ತಿಗೆಯಿಂದ ತಟ್ಟುತ್ತಿದ್ದ. ಗಟ್ಟಿ ಕಬ್ಬಿಣ ಟಣ್ ಅನ್ನುತ್ತದೆ, ಕೊಳೆತದ್ದು ಧಬ್ ಅನ್ನುತ್ತದೆ.

"ಚುಚ್ಚೋದು ಕಿವಿ ಇಲ್ದಿರೋರ ಕೆಲ್ಸ," ಅನ್ನುತ್ತಿದ್ದ. "ಚೆನ್ನಾಗಿರೋ ಕಬ್ಬಿಣಕ್ಕೂ ಗಾಯ ಮಾಡ್ತಾರೆ, ಮುಠ್ಠಾಳರು."

ಈಗೀಗ ಅವನಿಗೆ ಕಿವಿ ಸ್ವಲ್ಪ ಮಂದವೆಂಬುದು ತಂಗಿಗೆ ಗೊತ್ತಿಲ್ಲದ್ದೇನಲ್ಲ. ಹಿಂದಿನಿಂದ ಕರೆದರೆ ತಿರುಗುತ್ತಿರಲಿಲ್ಲ. ಅನ್ನ ಬೇಕಾ ಅಂದರೆ ನಾಳೆ ಬರುತ್ತೆ ಅನ್ನುತ್ತಿದ್ದ. ಮಾತು ಕೇಳಿಸುತ್ತಿಲ್ಲ ಅಂದರೆ ನಕ್ಕು ಒಪ್ಪಿಕೊಳ್ಳುತ್ತಿದ್ದವನು, ಇಂಜಿನ್ನಿನ ಸುದ್ದಿ ಎತ್ತಿದರೆ ಮಾತ್ರ ಕೆಂಡವಾಗುತ್ತಿದ್ದ.

"ಜನ ಈಗ ಗೊಣಗ್ತಾರೆ ಕಣೇ, ಬಾಯಿಬಿಟ್ಟು ಮಾತಾಡಲ್ಲ. ಇಂಜಿನ್ ಯಾವತ್ತಾದ್ರೂ ಗೊಣಗಿದ್ದುಂಟಾ?"

ಅವಳು ಅದನ್ನು ನಂಬಿದ್ದಳು. ನಂಬುವುದು ಸುಲಭವೂ ಆಗಿತ್ತು. ಆದರೆ ಹೋದ ವರ್ಷ ಅವನು ಕೇಳಿ, ಸರಿಯಿದೆ ಎಂದು ಕಳಿಸಿದ ಒಂದು ಇಂಜಿನ್ ನಾಲ್ಕೇ ದಿನಕ್ಕೆ ಹೆದ್ದಾರಿಯ ಮಧ್ಯೆ ಕಚ್ಚಿಕೊಂಡು ನಿಂತಿತು. ಗಾಡಿಯ ಯಜಮಾನ ಶೆಡ್ಡಿಗೆ ಬಂದು, ನಾಲ್ಕು ಜನರ ಎದುರಿಗೆ, "ಕಿವಿ ಮೇಸ್ತ್ರಿ ಅಂತೆ, ಕಿವಿ! ಕಿವೀಲಿ ಹತ್ತಿ ಇಟ್ಕೊಂಡಿದ್ರಾ?" ಅಂದ. ಮಾರನೇ ದಿನ ಅಣ್ಣ ಗ್ಯಾರೇಜಿನ ಬೋರ್ಡು ಇಳಿಸಿ ಗೋಡೆಗೆ ತಿರುಗಿಸಿಟ್ಟ. ಅವತ್ತೇ ತಂಗಿ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಳು: ಇನ್ನು ಯಾರು ಏನೇ ಅನ್ನಲಿ, ಅಣ್ಣನ ಕಿವಿಯ ಬಗ್ಗೆ ತಾನು ಎದುರಾಡುವುದಿಲ್ಲ.

ತಪಾಸಣೆಯ ಚೀಟಿ ಬಂದ ಮೂರನೇ ದಿನ ಅವನು ಊಟಕ್ಕೆ ಕೂತ. ನಾಲ್ಕನೇ ದಿನ ಕೆಲಸಕ್ಕೆ ಇಳಿದ. ಮುಂದಿನ ಸಬ್‌ಫ್ರೇಮ್ ಅಂದರೆ ಇಂಜಿನ್ ಕೂತಿರುವ ಕಬ್ಬಿಣದ ತೊಟ್ಟಿಲು. ಸ್ಟೀರಿಂಗು, ಮುಂದಿನ ಚಕ್ರಗಳ ತೋಳುಗಳು, ಎಲ್ಲ ಅದಕ್ಕೇ ಬಿಗಿದಿರುತ್ತವೆ. ಅದು ನಾಲ್ಕು ದಪ್ಪ ಬೋಲ್ಟುಗಳಿಂದ ಕಾರಿನ ಮೈಗೆ ಕಚ್ಚಿಕೊಂಡಿರುತ್ತದೆ. ಅದನ್ನು ಇಳಿಸಬೇಕಾದರೆ ಇಂಜಿನ್ನನ್ನು ಮೇಲಿನಿಂದ ಹಿಡಿದಿಡಬೇಕು. ಬಾನೆಟ್ಟು ತೆಗೆದು, ಮುಂದಿನ ಚಕ್ರಗಳ ಮೇಲಿನ ಎರಡೂ ಕಡೆಯ ಮಡ್‌ಗಾರ್ಡು ರೆಕ್ಕೆಗಳ ಮೇಲೆ ದಪ್ಪ ತೊಲೆಯೊಂದನ್ನು ಅಡ್ಡ ಇಟ್ಟು, ಸರಪಳಿಯಲ್ಲಿ ಇಂಜಿನ್ನನ್ನು ತೂಗುಹಾಕಿದರು. ಬಣ್ಣ ಕೆರೆಯದಿರಲಿ ಎಂದು ತೊಲೆಯ ಕೆಳಗೆ ಅವಳ ಸೀಟಿನ ಸ್ಪಂಜು ಇಟ್ಟರು. ಅರವತ್ತೊಂಬತ್ತರ ಅಣ್ಣ ಕಾರಿನ ಕೆಳಗೆ ಬೆನ್ನ ಮೇಲೆ ಮಲಗಿದ. ಅರವತ್ತನಾಲ್ಕರ ತಂಗಿ ಅವನ ಎದುರಿಗೆ ಮಣೆಯ ಮೇಲೆ ಬಗ್ಗಿ ಕೂತು ಟಾರ್ಚು ಹಿಡಿದಳು.

ಒಂದೊಂದು ಬೋಲ್ಟೂ ಒಂದೊಂದು ದಿನ ತಿಂದಿತು. ಎಣ್ಣೆ ಬಿಟ್ಟು ಕಾಯ್ದರು, ಬೆಂಕಿ ಕೊಟ್ಟು ಕಾಯ್ದರು. ಒಂದು ತುಂಡಾಗಿ ಒಳಗೇ ಉಳಿಯಿತು. ಅದನ್ನು ಕೊರೆದು ತೆಗೆಯಲು ಅಣ್ಣ ಒಂದಿಡೀ ಮಧ್ಯಾಹ್ನ ಅದರ ವಂಶವನ್ನೆಲ್ಲ ಜಾಲಾಡಿದ. ಕೊನೆಗೆ ಎಂಟನೇ ದಿನ ಬೆಳಿಗ್ಗೆ ಹಳೇ ಫ್ರೇಮು ಜ್ಯಾಕಿನ ಮೇಲೆ ಕೂತು ಕೆಳಗಿಳಿಯಿತು. ಎತ್ತಿ ಹೊರಗೆ ಹಾಕಿದಾಗ ಅದರ ಮೂಲೆ ಒಣರೊಟ್ಟಿಯ ಹಾಗೆ ಮುರಿಯಿತು. ಅಣ್ಣನಿಗೆ ಎಲ್ಲಿಲ್ಲದ ಖುಷಿ. ಅವತ್ತು ಅವನು ಬೆಳಿಗ್ಗೆ ಐದಕ್ಕೇ ಎದ್ದು ಗಡ್ಡ ಹೆರೆದುಕೊಂಡಿದ್ದ. ಎಷ್ಟೋ ತಿಂಗಳ ಮೇಲೆ ಅವನ ಗಲ್ಲ ಕಂಡು, ಇವನಿಗೆ ಇಷ್ಟು ಚಿಕ್ಕ ಗಲ್ಲವಿತ್ತೇ ಎಂದು ತಂಗಿ ಬೆರಗಾಗಿದ್ದಳು.

"ಈಗ ಕಾಲುಗಳನ್ನ ನೋಡೋಣ," ಎಂದು ಅಣ್ಣ ಸಣ್ಣ ಸುತ್ತಿಗೆ ತೆಗೆದುಕೊಂಡ.

ಕಾಲುಗಳೆಂದರೆ ಕಾರಿನ ಮೈಯಿಂದ ಮುಂದಕ್ಕೆ ಚಾಚಿದ ಎರಡು ಟೊಳ್ಳು ತೊಲೆಗಳು. ಸಬ್‌ಫ್ರೇಮ್ ನೇತಾಡುವುದು ಅವುಗಳಿಗೇ. ಹಿಂದಿನ ಯಾರೋ ಪುಣ್ಯಾತ್ಮ ಅವಕ್ಕೆ ಬೆರಳು ದಪ್ಪ ಕಪ್ಪು ಟಾರು ಬಳಿದಿದ್ದ. ಅಣ್ಣ ಕೆಳಗೆ ಜಾರಿ, "ಬೆಳಕು ನನ್ನ ಕೈಗೆ ಬೇಡ, ನಿನ್ನ ಕಡೆಗೇ ಇರ್ಲಿ, ನಂಗೆ ಕಣ್ಣಿಗೆ ಹೊಡೀತದೆ," ಅಂದ. ಬಲಗಾಲನ್ನು ತಟ್ಟಿದ. ಟಣ್. ಹಿಂದೆ ಸರಿದು ತಟ್ಟಿದ. ಟಣ್. ಎಡಗಾಲಿಗೆ ಹೊರಳಿ ತಟ್ಟಿದ.

ಧಬ್.

ಅಣ್ಣ ತಂಗಿಯನ್ನೇ ನೋಡುತ್ತಿದ್ದ. ಇನ್ನೊಮ್ಮೆ ತಟ್ಟಿದ, ಧಬ್. ಮತ್ತೆ ಅವಳನ್ನು ನೋಡಿದ. ಆ ನುಣ್ಣನೆಯ ಗಲ್ಲ, ಆ ಕಣ್ಣು, ಅದರಲ್ಲಿ ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವರ ಆಸೆ. ಅವಳು ನೂರು ಯೋಚಿಸಿದಳು. ಟಾರು ಸದ್ದನ್ನು ನುಂಗುತ್ತಿರಬೇಕು. ನನಗೆ ಕೇಳಿದ್ದು ಅವನಿಗೆ ಕೇಳದೆ ಇರುತ್ತದೆಯೇ, ಕಿವಿ ಮೇಸ್ತ್ರಿ ಅವನೋ ನಾನೋ? ಅವನು ಏನೂ ಹೇಳುತ್ತಿಲ್ಲವೆಂದರೆ ಅದಕ್ಕೊಂದು ಕಾರಣವಿರುತ್ತದೆ. ಈಗ ನಾನು ಮುಖ ಸಣ್ಣ ಮಾಡಿದರೆ ಇವತ್ತೇ ಹೋಗಿ ಗೋಡೆ ನೋಡುತ್ತಾ ಮಲಗುತ್ತಾನೆ. ಅವಳು ಹಲ್ಲು ಕಚ್ಚಿ, ಇಸ್ತ್ರಿ ಹಾಕಿದ ಬಟ್ಟೆಯ ಹಾಗೆ ಮುಖವನ್ನು ನೆಟ್ಟಗಿಟ್ಟುಕೊಂಡು ಕೂತಳು.

"ಕಲ್ಲಿನ ಹಾಗಿದೆ," ಅಂದ ಅಣ್ಣ.

"ಹೂಂ," ಅಂದಳು ತಂಗಿ.

ಹೊಸ ಫ್ರೇಮು ಬರುವುದಕ್ಕೆ ಹನ್ನೆರಡು ದಿನ ಹಿಡಿಯಿತು. ಹನ್ನೆರಡು ದಿನ! ಎಡಗಾಲನ್ನು ಕತ್ತರಿಸಿ ಹೊಸ ತಗಡು ಬೆಸೆದು, ಬಣ್ಣ ಹಚ್ಚಿ, ಒಣಗಿಸಿ, ಮತ್ತೂ ಕಾಲು ಚಾಚಿ ಕೂರುವಷ್ಟು ಸಮಯ. ಆ ಹನ್ನೆರಡು ದಿನ ಅಣ್ಣ ಏನು ಮಾಡಿದ? ಬ್ರೇಕಿನ ಕೊಳವೆಗಳನ್ನು ಹಿತ್ತಾಳೆಯ ಹಾಗೆ ಹೊಳೆಯುವವರೆಗೂ ಉಜ್ಜಿದ, ಸರಿಯಾಗಿದ್ದ ವೈಪರನ್ನು ಬಿಚ್ಚಿ ಜೋಡಿಸಿದ, ತಂಗಿಯ ಹೊಲಿಗೆ ಯಂತ್ರಕ್ಕೆ ಬೇಡವೆಂದರೂ ಎಣ್ಣೆ ಬಿಟ್ಟ. ತಂಗಿ ಸೀಟುಗಳಿಗೆ ಹೊಸ ಹೊದಿಕೆ ಹೊಲಿದಳು. ಒಂದೆರಡು ಸಲ ಅವನು ಹೊರಗೆ ಹೋದಾಗ ಅವಳೇ ಬಗ್ಗಿ ಎಡಗಾಲನ್ನು ಬೆರಳ ಗೆಣ್ಣಿನಿಂದ ತಟ್ಟಿದಳು. ಟಾರಿನ ಮೇಲೆ ಗೆಣ್ಣು ತಟ್ಟಿದರೆ ಯಾವ ಕಬ್ಬಿಣವೂ ಮಾತಾಡುವುದಿಲ್ಲ. ಅವಳಿಗೆ ಅಷ್ಟೇ ಸಮಾಧಾನ ಸಾಕಾಯಿತು.

ಇಪ್ಪತ್ತನೇ ದಿನ ಮರದ ಪೆಟ್ಟಿಗೆ ಬಂತು. ಹೊಸ ಫ್ರೇಮು ಎಷ್ಟು ಚೆಂದವಿತ್ತೆಂದರೆ ತಂಗಿ ಕೂಡ ಸವರಿ ನೋಡಿದಳು. ಒಳಗೆಲ್ಲ ಮೇಣ ಹೊಯ್ದು, ಹೊರಗೆ ಎರಡು ಸಲ ಕಪ್ಪು ಹೊಡೆದರು. ಜ್ಯಾಕಿನ ಮೇಲಿಟ್ಟು ಎತ್ತಿದರು. ಮೂಲೆಯಿಂದ ಮೂಲೆಗೆ ದಾರ ಹಿಡಿದು ಅಳೆದು, ಒಂದು ನೂಲಿನಷ್ಟು ಎಡಕ್ಕೆ, ಮತ್ತೆ ಅರ್ಧ ನೂಲು ಬಲಕ್ಕೆ ಸರಿಸಿ ಕೂರಿಸಿದರು. ಚಕ್ರದ ತೋಳುಗಳು, ಸ್ಟೀರಿಂಗಿನ ಸರಳು, ಇಂಜಿನ್ ಕೂರುವ ರಬ್ಬರ್ ದಿಂಬುಗಳು ಒಂದೊಂದಾಗಿ ತಮ್ಮ ಜಾಗ ಸೇರಿದವು. ತೂಗುತ್ತಿದ್ದ ಇಂಜಿನ್ನಿನ ಸರಪಳಿ ಸಡಿಲಿಸಿದಾಗ ಅದು ನಿಟ್ಟುಸಿರಿಟ್ಟು ಕೂತಿತು. ಅಣ್ಣ ಕಾರಿನ ಕೆಳಗಿನಿಂದಲೇ ಬೇಸುರವಾಗಿ ಸಿಳ್ಳೆ ಹಾಕತೊಡಗಿದ. ತಂಗಿ ಅತ್ತಳು. ಟಾರ್ಚಿನ ಹಿಂದೆ ಕೂತು ಸುಮ್ಮನೆ, ಸಂತೋಷಕ್ಕೆ ಅತ್ತಳು.

ಇಪ್ಪತ್ತೇಳನೇ ದಿನ ಉಳಿದಿದ್ದದ್ದು ಕೊನೆಯ ಬಿಗಿತ. ನಾಲ್ಕು ಬೋಲ್ಟುಗಳನ್ನೂ ಅಳತೆಯ ಸ್ಪ್ಯಾನರಿನಿಂದ ಬಿಗಿಯಬೇಕು. ಬೇಕಾದಷ್ಟು ಬಿಗಿಯಾದಾಗ ಅದು ಕ್ಲಿಕ್ ಎಂದು ಕೈಗೆ ಒದೆಯುತ್ತದೆ. ಬಲಗಡೆ ಎರಡೂ ಒದ್ದವು. ಎಡಗಡೆ ಹಿಂದಿನದು ಒದ್ದಿತು. ಎಡಗಡೆ ಮುಂದಿನದಕ್ಕೆ ಸ್ಪ್ಯಾನರ್ ಹಾಕಿ ಅಣ್ಣ ಎಳೆದ. ತಿರುಗಿತು. ಇನ್ನೂ ತಿರುಗಿತು. ಕ್ಲಿಕ್ ಬರಲಿಲ್ಲ. ಅಣ್ಣ ಮೊಣಕಾಲು ಊರಿ ಇನ್ನೊಂದು ಎಳೆತ ಎಳೆದ.

ಒದ್ದೆ ರಟ್ಟು ಹರಿದ ಸದ್ದಾಯಿತು. ಬೋಲ್ಟು, ಅದರ ನಟ್ಟು, ನಟ್ಟಿನ ಸುತ್ತ ಅಂಗೈಯಗಲ ಕಬ್ಬಿಣ, ಎಲ್ಲ ಒಟ್ಟಿಗೆ ಕಿತ್ತು ಕೆಳಗೆ ಬಂದವು. ಹಿಂದೆಯೇ ಕೆಂಪು ಪುಡಿ ಅಣ್ಣನ ಮುಖದ ಮೇಲೆ ಸುರಿಯಿತು. ಇಂಜಿನ್ ಒಂದು ಕಡೆಗೆ ವಾಲಿತು. ತಂಗಿ ಅಣ್ಣನ ಕಾಲು ಹಿಡಿದು ಹೊರಗೆಳೆದಳು. ಅವನು ಕೈ ಕೊಡವಿಕೊಂಡು ಮತ್ತೆ ಒಳಗೆ ಹೋದ. ತೂತಿನ ಅಂಚಿಗೆ ಬೆರಳು ಹಾಕಿದ. ಟಾರು ಹೆಕ್ಕಳೆಯ ಹಾಗೆ ಎದ್ದು ಬಂತು, ಅದರ ಜೊತೆಗೇ ಕಬ್ಬಿಣವೂ ಬಂತು. ಬರಿಗೈಯಲ್ಲಿ ಕೀಳುತ್ತಾ ಹೋದ. ಎಡಗಾಲು ಮುಗಿದು ಚಾಲಕನ ಕಾಲಡಿಯ ತಗಡಿನವರೆಗೂ ಕಿತ್ತು ಬಂತು. ಬೆಸುಗೆ ಹಾಕೋಣವೆಂದರೆ ಬೆಸುಗೆ ಕಚ್ಚಲು ಒಂದು ಗಟ್ಟಿ ಅಂಚು ಸಿಗುವಷ್ಟರಲ್ಲಿ ಅರ್ಧ ಕಾರೇ ಇರುವುದಿಲ್ಲ. ಹನ್ನೆರಡು ದಿನದಲ್ಲಿ ಆಗುತ್ತಿದ್ದದ್ದು ಮೂರು ದಿನದಲ್ಲಿ ಆಗುವ ಮಾತಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

ಅಣ್ಣ ಹೊರಗೆ ಬಂದು ಸ್ಟೂಲಿನ ಮೇಲೆ ಕೂತ. ಮುಖವೆಲ್ಲ ತುಕ್ಕು.

"ನಂಗೆ ಕೇಳ್ಸಲ್ಲ," ಅಂದ.

"ಏನಣ್ಣ?"

"ಕಬ್ಬಿಣ. ಇಂಜಿನ್. ಯಾವ್ದೂ ಕೇಳ್ಸಲ್ಲ. ನಾಲ್ಕು ವರ್ಷ ಆಯ್ತು."

ತಂಗಿ ಹಿಂದಕ್ಕೆ ಲೆಕ್ಕ ಹಾಕಿದಳು. ನಾಲ್ಕು ವರ್ಷದಲ್ಲಿ ಎಷ್ಟು ಗಾಡಿ ಬಂದಿದ್ದವು, ಎಷ್ಟನ್ನು ಅವನು ಕಣ್ಣು ಮುಚ್ಚಿ ಕೇಳಿ ಸರಿಯಾಗಿ ಹೇಳಿದ್ದ! ಕಣ್ಣು ಮುಚ್ಚಿ? ಇಲ್ಲ. ಈಚೆಗೆ ಅವನು ಕಣ್ಣು ಮುಚ್ಚುತ್ತಿರಲಿಲ್ಲ.

"ಮತ್ತೆ ಹೆಂಗೆ ಹೇಳ್ತಿದ್ದೆ?"

"ನಿನ್ನ ಮುಖ ನೋಡಿ."

ಅವನು ಅದನ್ನು ಬಹಳ ಸಹಜವಾಗಿ, ಬೀಗದ ಕೈ ಎಲ್ಲಿದೆ ಎಂದು ಹೇಳುವಷ್ಟು ಸಹಜವಾಗಿ ಹೇಳಿದ. "ಚಿಕ್ಕೋಳಿದ್ದಾಗಿಂದ್ಲೂ ನೀನು ಹಂಗೇ. ಅಪ್ಪ ತಟ್ಟಿದಾಗ ಸದ್ದು ಕೆಟ್ಟಿದ್ರೆ ನಿನ್ನ ಮೂಗು ಒಂಚೂರು ಸೊಟ್ಟ ಆಗ್ತಿತ್ತು, ಹುಳಿ ಕಚ್ಚಿದೋರ ಹಂಗೆ. ನಿಂಗೇ ಗೊತ್ತಿಲ್ಲ ಅದು. ಅಲ್ಲಿ ಹೊಲೀತಾ ಕೂತಿದ್ರೂ ಅಷ್ಟೆ. ಬೇರಿಂಗ್ ಕೆಟ್ಟಿದ್ರೆ ಒಂಥರಾ, ವಾಲ್ವ್ ಆದ್ರೆ ಇನ್ನೊಂಥರಾ. ನಾನು ಸ್ಕ್ರೂಡ್ರೈವರ್ ಕಿವಿಗಿಟ್ಕೊಂಡು ನಿನ್ನೇ ನೋಡ್ತಿದ್ದೆ. ಒಂದು ಸಲಾನೂ ತಪ್ಪಿಲ್ಲ ನಿನ್ನ ಮುಖ."

"ಹೋದ ವರ್ಷ..."

"ಅವತ್ತು ನೀನು ಹಲ್ಲು ಕೀಳಿಸ್ಕೊಂಡು ಬಂದಿದ್ದೆ. ಇಂಜೆಕ್ಷನ್‌ಗೆ ಮುಖ ಮರಗಟ್ಟಿತ್ತು. ನಂಗೆ ಹೊಳೆದಿದ್ದು ಆಮೇಲೆ."

ತಂಗಿಯ ಕೈ ತನಗೆ ತಿಳಿಯದೆ ತನ್ನ ಮೂಗಿನ ಮೇಲೆ ಹೋಯಿತು. ಅಣ್ಣ ಅವಳನ್ನು ನೋಡುತ್ತಲೇ ಇದ್ದ. ಅವನ ಹಣೆಯಲ್ಲಿ ಏನೋ ಹುಡುಕುವವರ ಗಂಟು.

"ಈ ಸಲ ಹಲ್ಲು ಸರಿಯಾಗೇ ಇತ್ತಲ್ಲ," ಅಂದ ನಿಧಾನವಾಗಿ. "ಎರಡು ಸಲ ತಟ್ಟಿದೆ. ನಿನ್ನ ಮುಖ ಅಲ್ಲಾಡ್ಲಿಲ್ಲ. ಹಂಗಾದ್ರೆ..."

ಆ ಗಂಟು ಬಿಚ್ಚಿಕೊಂಡಿತು. ಅದರ ಜಾಗಕ್ಕೆ ಬಂದ ಕರುಣೆಯನ್ನು ನೋಡಲಾರದೆ ಅವಳು ತಲೆ ತಗ್ಗಿಸಿದಳು.

"ನಿನ್ನ ಕಿವೀನೂ ಹೋಯ್ತೇನೇ?"

ನಿಜ ಹೇಳಿಬಿಡಬೇಕಿತ್ತು ಅನ್ನುವವರು ಹೇಳಲಿ, ಅವರು ಆ ಸ್ಟೂಲಿನ ಎದುರಿಗೆ ನಿಂತವರಲ್ಲ. ಕೇಳಿಸಿತ್ತು ಅಣ್ಣ, ಚೆನ್ನಾಗಿ ಕೇಳಿಸಿತ್ತು, ನಿನಗೆ ಬೇಜಾರಾಗಬಾರದೆಂದು ಮುಖವನ್ನು ಬಿಗಿಹಿಡಿದಿದ್ದೆ. ಅಷ್ಟು ಹೇಳಿದರೆ ಸಾಕಿತ್ತು. ಆಮೇಲೆ ಅವನು ಯಾರ ಮುಖವನ್ನು ನೋಡಬೇಕಿತ್ತು? ಅರವತ್ತು ವರ್ಷದಲ್ಲಿ ಒಂದು ಸಲವೂ ತಪ್ಪದ ಮುಖ ಬೇಕೆಂದೇ ಸುಳ್ಳು ಹೇಳಿತೆಂದು ತಿಳಿದ ಮೇಲೆ?

"ಹೌದಣ್ಣ," ಅಂದಳು.

"ಆಂ?"

"ಹೌದು! ಕೇಳ್ಸಲ್ಲ!"

ಅಣ್ಣ ಎದ್ದು ಬಂದು, ಗ್ರೀಸಿನ ಕೈಯನ್ನು ಅವಳ ತಲೆಯ ಮೇಲಿಟ್ಟ. "ಹೇಳ್ಬಾರ್ದಿತ್ತಾ? ಯಾಕೆ ಮುಚ್ಚಿಟ್ಕೊಂಡೆ, ಹುಚ್ಚಿ?" ಅಂದ. ಆಮೇಲೆ ನಗಲು ನೋಡಿದ. "ಇಬ್ರು ಕಿವುಡ್ರು ಸೇರ್ಕೊಂಡು ಸಬ್‌ಫ್ರೇಮ್ ಹಾಕಿದ್ವಿ ನೋಡು." ನಗು ಅರ್ಧಕ್ಕೇ ನಿಂತಿತು.

ಅವತ್ತಿನಿಂದ ಅವನು ಅವಳ ಹತ್ತಿರ ಕೂಗಿ ಮಾತಾಡತೊಡಗಿದ. ಒಂದೊಂದು ಪದವನ್ನೂ ಬಿಡಿಸಿ ಬಿಡಿಸಿ, ಮಗುವಿಗೆ ಹೇಳುವ ಹಾಗೆ. ಕಿವುಡುತನದ ಒಳಗುಟ್ಟುಗಳನ್ನೆಲ್ಲ ಅವಳಿಗೆ ಕಲಿಸಿದ. ಎದುರಿಗಿರುವವರ ತುಟಿ ನೋಡು. ಅರ್ಥವಾಗದಿದ್ದರೆ ಹೌದಾ ಅನ್ನು, ಎಲ್ಲದಕ್ಕೂ ಹೊಂದುತ್ತದೆ. ಗುಂಪಿನಲ್ಲಿ ಯಾರಾದರೂ ನಕ್ಕರೆ ನೀನೂ ನಗು, ಆದರೆ ಕೊನೆಗೆ ನಗು. ಗೋಡೆಗೆ ಬೆನ್ನು ಕೊಟ್ಟು ಕೂರು. ನಾಲ್ಕು ವರ್ಷ ಒಬ್ಬನೇ ಹೊತ್ತುಕೊಂಡಿದ್ದ ಮೂಟೆಯನ್ನು ಅವನು ಪ್ರೀತಿಯಿಂದ, ಒಂದೊಂದಾಗಿ ಬಿಚ್ಚಿ ಅವಳ ಮಡಿಲಿಗೆ ಹಾಕಿದ. ಅವಳು ಎಲ್ಲವನ್ನೂ ಕಲಿತಳು. ಹಿಂದೆ ತಟ್ಟೆ ಬಿದ್ದರೆ ಬೆಚ್ಚದಿರುವುದು ಎಲ್ಲಕ್ಕಿಂತ ಕಷ್ಟವಾಗಿತ್ತು.

ಮೂವತ್ತನೇ ದಿನ ಅವನು ತಪಾಸಣೆಗೆ ಹೋಗಲಿಲ್ಲ. ಪಕ್ಕದ ಅಂಗಡಿಯವನ ಕೈಲಿ ಗುಜರಿಯವರಿಗೇ ಫೋನು ಮಾಡಿಸಿದ. ಹೊಸ ಫ್ರೇಮನ್ನಾದರೂ ಬಿಚ್ಚಿಟ್ಟುಕೊಳ್ಳೋಣವೆಂದು ತಂಗಿ ಚೀಟಿಯಲ್ಲಿ ಬರೆದು ತೋರಿಸಿದಾಗ, "ಯಾವ ಗಾಡಿಗೆ ಹಾಕೋಕೆ?" ಅಂದ. ಎಡಗಾಲು ಹೋದ ಕಡೆ ಫ್ರೇಮನ್ನು ಸರಪಳಿಯಿಂದ ರೆಕ್ಕೆಗಳ ಮೇಲಿನ ತೊಲೆಗೆ ಬಿಗಿದು, ಕಾರನ್ನು ಹೇಗೋ ಚಕ್ರಗಳ ಮೇಲೆ ನಿಲ್ಲಿಸಿದರು. ಒಳಗೆ ಅವಳು ಹೊಲಿದ ಹೊಸ ಸೀಟುಗಳು ಯಾರೂ ಕೂರದೆ ಉಬ್ಬಿಕೊಂಡಿದ್ದವು.

ಮಾರನೇ ದಿನ ಹತ್ತು ಗಂಟೆಗೆ ಲಾರಿ ಬರಬೇಕಿತ್ತು. ಶೆಡ್ಡಿನ ಗೇಟು ಒಂದೇ ತಗಡಿನದು, ಒಳಗಿನಿಂದ ಚಿಲಕ. ಅಣ್ಣ ಕಾರಿಗೆ ಒರಗಿ, ಗೇಟಿಗೆ ಬೆನ್ನು ಮಾಡಿ ಕೂತಿದ್ದ. ತಂಗಿ ಅವನ ಎದುರಿಗೆ ಮಣೆಯ ಮೇಲೆ ಕೂತಿದ್ದಳು. ಇಬ್ಬರ ಕೈಯಲ್ಲೂ ಟೀ ಲೋಟ.

ಹತ್ತಕ್ಕೆ ಸರಿಯಾಗಿ ಲಾರಿಯ ಹಾರ್ನ್ ಕೂಗಿತು.

ತಂಗಿಯ ಮೊಣಕಾಲು ಏಳಲೆಂದು ಬಿಗಿಯಿತು. ಅಣ್ಣ ಅವಳ ಮುಖವನ್ನೇ ನೋಡುತ್ತಿದ್ದ. ಪರೀಕ್ಷಿಸಲೆಂದಲ್ಲ; ನೋಡುವ ಅಭ್ಯಾಸ ಅವನಿಗೆ ತಪ್ಪಿರಲಿಲ್ಲ ಅಷ್ಟೆ. ಅವಳು ಕೂತಲ್ಲೇ ಕೂತಳು. ಟೀ ಒಂದು ಗುಟುಕು ಕುಡಿದಳು. ಹಾರ್ನ್ ಮತ್ತೆ ಕೂಗಿತು, ಈ ಸಲ ಉದ್ದಕ್ಕೆ, ಸಿಟ್ಟಿನಲ್ಲಿ.

"ಇನ್ನೂ ಬಂದಿಲ್ಲ ಅನ್ಸುತ್ತೆ," ಎಂದು ಅಣ್ಣ ಕಾರಿನ ರೆಕ್ಕೆಯ ಮೇಲೆ ಅಂಗೈ ಇಟ್ಟ. ಅವನ ಮುಖ ಸ್ವಲ್ಪ ತಿಳಿಯಾಯಿತು. "ಇರ್ಲಿ ಬಿಡು. ನಿಧಾನಕ್ಕೆ ಬರ್ಲಿ."

"ಹೌದಾ," ಅಂದಳು ತಂಗಿ.

ಹೊರಗೆ ಯಾರೋ ಲಾರಿಯಿಂದ ಇಳಿದು ಗೇಟನ್ನು ಬಡಿಯತೊಡಗಿದರು.